ಕೀಮೋಸ್ಟ್ಯಾಟ್‌ನಲ್ಲಿ ಎಷ್ಟು ಸಕ್ಕರೆ ಉಳಿಯುತ್ತದೆ? ಲೆಕ್ಕ ಹಾಕುವ ಕ್ರಮ

ಗೇರು ಕೊಯ್ಲಿನ ತಿಂಗಳುಗಳಲ್ಲಿ ದಕ್ಷಿಣ ಕನ್ನಡ, ಉಡುಪಿಯ ಗುಡ್ಡೆಗಳಲ್ಲಿ ಬೀಜ ತಿರುಪಿ ತೆಗೆದ ಹಣ್ಣು ರಾಶಿಗಟ್ಟಲೆ ಕೊಳೆಯುತ್ತದೆ. ಅದರ ರಸದಲ್ಲಿ ಗ್ಲುಕೋಸ್, ಫ್ರಕ್ಟೋಸ್ ಧಾರಾಳ. ಆ ರಸದಲ್ಲಿ ಯೀಸ್ಟ್ ಬೆಳೆಸಲು ಹೊರಡುವ ಸುರತ್ಕಲ್, ಮಣಿಪಾಲ, ಕೊಣಾಜೆಯ ವಿದ್ಯಾರ್ಥಿಗಳಿಗೆ ಈ ಲೆಕ್ಕ ಬೇಕೇ ಬೇಕು: ಒಳಗೆ ಬಿಟ್ಟ ಸಕ್ಕರೆಯಲ್ಲಿ ಎಷ್ಟು ಬಳಕೆಯಾಗದೆ ಹೊರಗೆ ಹೋಗುತ್ತದೆ?

ಕೀಮೋಸ್ಟ್ಯಾಟ್ ಎಂದರೆ ಒಂದು ಕಡೆಯಿಂದ ಹೊಸ ರಸ ಬರುತ್ತಾ, ಇನ್ನೊಂದು ಕಡೆಯಿಂದ ಅಷ್ಟೇ ದ್ರವ ಹೊರಹೋಗುತ್ತಾ ಇರುವ ಪಾತ್ರೆ. 1950ರಲ್ಲಿ ಫ್ರಾನ್ಸಿನ ಜಾಕ್ ಮೊನೊ ಒಂದು ಕಡೆ, ಅಮೆರಿಕದಲ್ಲಿ ನೋವಿಕ್ ಮತ್ತು ಸಿಲಾರ್ಡ್ ಇನ್ನೊಂದು ಕಡೆ ಇದನ್ನು ವಿವರಿಸಿದರು. ಇಲ್ಲಿ ಬಳಸುವ ಸೂತ್ರದ ಬೇರು ಮೊನೊ ಅವರದೇ.

ಮೊದಲು ಡಿ, ಅಂದರೆ ಪಾತ್ರೆಯ ದ್ರವದಲ್ಲಿ ಗಂಟೆಗೆ ಎಷ್ಟು ಪಾಲು ಹೊಸದಾಗುತ್ತದೆ ಎಂಬ ದರ. ಗಂಟೆಗೆ ಹರಿಯುವ ರಸವನ್ನು ಪಾತ್ರೆಯಲ್ಲಿರುವ ದ್ರವದಿಂದ ಭಾಗಿಸಿ. 2 ಲೀಟರ್ ದ್ರವ, ಗಂಟೆಗೆ 0.4 ಲೀಟರ್ ಹರಿವು ಎಂದಾದರೆ ಡಿ 0.2. ಪಂಪಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ಅಳತೆ ಜಾಡಿ ಹಿಡಿದು ನೀವೇ ಅಳೆಯಿರಿ.

ಆಮೇಲೆ ಯೀಸ್ಟಿನ ಗುಣ. ಗರಿಷ್ಠ ಬೆಳವಣಿಗೆ ದರ ಗಂಟೆಗೆ 0.4 ಎನ್ನೋಣ. ಅದರ ಅರ್ಧ ವೇಗದಲ್ಲಿ ಬೆಳೆಯಲು ಬೇಕಾದ ಸಕ್ಕರೆಯನ್ನು ಕೆ-ಎಸ್ ಎನ್ನುತ್ತಾರೆ. ಅದು ಲೀಟರಿಗೆ 0.2 ಗ್ರಾಂ ಇರಲಿ. ಇವು ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿಗಳು. ನಿಮ್ಮ ತಳಿಯದ್ದನ್ನು ನಿಮ್ಮದೇ ಉಷ್ಣತೆಯಲ್ಲಿ ಪ್ರಯೋಗ ಮಾಡಿ ತಿಳಿಯಬೇಕು.

ಈಗ ಸೂತ್ರ. ಪಾತ್ರೆ ಸ್ಥಿರ ಸ್ಥಿತಿಗೆ ಬಂದ ಮೇಲೆ ಕೊಚ್ಚಿಹೋಗುವಷ್ಟೇ ಯೀಸ್ಟ್ ಹೊಸದಾಗಿ ಹುಟ್ಟುತ್ತಿರಬೇಕು. ಅಂದರೆ ಬೆಳವಣಿಗೆ ದರ ಡಿಗೆ ಸಮ. ಆ ದರಕ್ಕೆ ಸಾಕಾಗುವಷ್ಟೇ ಸಕ್ಕರೆ ಉಳಿಯುತ್ತದೆ:

ಉಳಿದ ಸಕ್ಕರೆ = ಕೆ-ಎಸ್ × ಡಿ ÷ (ಗರಿಷ್ಠ ದರ − ಡಿ)

0.2 × 0.2 ÷ (0.4 − 0.2) = ಲೀಟರಿಗೆ 0.2 ಗ್ರಾಂ.

ಒಳಬರುವ ರಸದ ಸಿಹಿ ಈ ಸೂತ್ರದಲ್ಲಿ ಎಲ್ಲೂ ಇಲ್ಲ! ಇದನ್ನು ಮನಸ್ಸಿಗೆ ಇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ರಸದಲ್ಲಿ ಲೀಟರಿಗೆ 10 ಗ್ರಾಂ ಸಕ್ಕರೆ ಇದ್ದರೂ 20 ಗ್ರಾಂ ಇದ್ದರೂ ಉಳಿಯುವುದು 0.2 ಗ್ರಾಂ ಮಾತ್ರ. ಹೆಚ್ಚುವುದು ಯೀಸ್ಟ್. ಒಂದು ಗ್ರಾಂ ಸಕ್ಕರೆಗೆ ಅರ್ಧ ಗ್ರಾಂ ಯೀಸ್ಟ್ ಎಂಬ ಇಳುವರಿಯಲ್ಲಿ, 10 ಗ್ರಾಂಗೆ 0.5 × 9.8 = 4.9 ಗ್ರಾಂ, 20 ಗ್ರಾಂಗೆ 9.9 ಗ್ರಾಂ. ಉಳಿಕೆಯನ್ನು ನಿರ್ಧರಿಸುವುದು ಪಂಪು. ಆದರೆ ಯೀಸ್ಟಿಗೆ ಮೊದಲು ಕೊರತೆ ಬೀಳುವುದು ಸಕ್ಕರೆಯೇ ಆಗಿದ್ದರೆ ಮಾತ್ರ ಈ ಮಾತು ನಿಜ. ಗೇರುಹಣ್ಣಿನ ರಸದಲ್ಲಿ ಸಾರಜನಕ ಕಡಿಮೆ, ಅಮೋನಿಯಂ ಸಲ್ಫೇಟ್ ಸೇರಿಸಿಕೊಳ್ಳಿ. ಗಾಳಿಯೂ ಸಾಲಬೇಕು.

ಹರಿವು ಏರಿಸಿದರೆ ಏನಾಗುತ್ತದೆ? 10 ಗ್ರಾಂ ಸಕ್ಕರೆಯ ರಸಕ್ಕೇ ನೋಡಿ. ಡಿ 0.3 ಆದಾಗ ಉಳಿಕೆ 0.6 ಗ್ರಾಂ; ಗಾಬರಿಯಿಲ್ಲ. 0.38ಕ್ಕೆ 3.8 ಗ್ರಾಂ. 0.39ಕ್ಕೆ 7.8 ಗ್ರಾಂ, ಯೀಸ್ಟ್ ಬರೀ 1.1 ಗ್ರಾಂ. ಕೊನೆಯ ಗಡಿ ಗರಿಷ್ಠ ದರ × ರಸದ ಸಕ್ಕರೆ ÷ (ರಸದ ಸಕ್ಕರೆ + ಕೆ-ಎಸ್): 0.4 × 10 ÷ 10.2, ಅಂದರೆ 0.392. ಅದನ್ನು ದಾಟಿದರೆ ಯೀಸ್ಟ್ ಪೂರ್ತಿ ಕೊಚ್ಚಿಹೋಗುತ್ತದೆ. ಗಡಿಯ ಹತ್ತಿರ ಪಂಪಿನ ಸಣ್ಣ ಏರಿಳಿತವೂ ದುಬಾರಿ. ಅಷ್ಟು ಅಂಚಿಗೆ ಹೋಗದಿರುವುದೇ ಜಾಣತನ.

ಬ್ರೆಡ್ಡಿಗೆ ಹಾಕುವ ಯೀಸ್ಟ್ ಬಳಸುವವರಿಗೆ ಇನ್ನೊಂದು ಮಾತು. ಡಿ ಸುಮಾರು 0.3ರ ಹತ್ತಿರ ಬಂದಾಗ ಅದು ಗಾಳಿ ಸಾಕಷ್ಟಿದ್ದರೂ ಆಲ್ಕೋಹಾಲ್ ತಯಾರಿಸತೊಡಗಿ ಇಳುವರಿ ಇಳಿಯುತ್ತದೆ. ಕ್ಯಾಂಡಿಡಾ ಯುಟಿಲಿಸ್ ಎಂಬ ಇನ್ನೊಂದು ಯೀಸ್ಟಿಗೆ ಈ ಸ್ವಭಾವವಿಲ್ಲ.

ಅಳೆದು ತಾಳೆ ನೋಡುವಾಗ ಅವಸರ ಮಾಡಬೇಕಾದದ್ದು ಒಂದೇ ಕಡೆ. ಮಾದರಿಯನ್ನು ಕೊಳವೆಗೆ ತೆಗೆದ ಮೇಲೂ ಯೀಸ್ಟ್ ತಿನ್ನುತ್ತಲೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ 0.2 ಗ್ರಾಂನಲ್ಲಿ ಅರ್ಧ ಖಾಲಿಯಾಗಲು ನಾಲ್ಕು ನಿಮಿಷವೂ ಬೇಡ. ತೆಗೆದ ಕೂಡಲೇ ಫಿಲ್ಟರ್ ಮಾಡಿ, ಮಂಜುಗಡ್ಡೆಯ ಮೇಲಿಡಿ, ಆಮೇಲೆ ಡಿಎನ್‌ಎಸ್ (ಬಣ್ಣದ ಬದಲಾವಣೆಯಿಂದ ಸಕ್ಕರೆ ಅಳೆಯುವ) ವಿಧಾನದಲ್ಲಿ ಸಕ್ಕರೆ ಅಳೆಯಿರಿ.

ಉಳಿದೆಲ್ಲ ಕಡೆ ತಾಳ್ಮೆ ಬೇಕು. ಡಿ 0.2 ಇದ್ದರೆ ಪಾತ್ರೆಯ ದ್ರವದಷ್ಟು ರಸ ಐದು ಸಲ ಹರಿದುಹೋಗಲು 25 ಗಂಟೆ. ಅಲ್ಲಿಯವರೆಗೆ ಸ್ಥಿರ ಸ್ಥಿತಿ ಬಂತೆಂದು ಭಾವಿಸಬೇಡಿ. ನಡುವೆ ಮಳೆಗೆ ಕರೆಂಟು ಹೋಗಿ ಪಂಪು ನಿಂತರೆ, ಆ 25 ಗಂಟೆಯನ್ನು ಮತ್ತೆ ಮೊದಲಿನಿಂದ ಎಣಿಸಿ.