ಆನರ್ಸ್ ಓದಿಗೆ ಗುಂಪು ಕಟ್ಟುವ ಬಗೆ

ಧಾರವಾಡದಲ್ಲಿ ಆನರ್ಸ್ ಓದುವವರು ಸೆಮಿಸ್ಟರ್‌ನ ಮೊದಲ ವಾರವೇ ನಾಲ್ಕೈದು ಮಂದಿ ಕೂಡಿಕೊಳ್ಳಿ. ಎಂಟು ಮಂದಿಯಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಬರೆದುಕೊಂಡು ಎದ್ದು ಹೋಗುತ್ತಾರೆ. ವಾರಕ್ಕೆರಡು ಸಂಜೆ, ಒಂದೂವರೆ ತಾಸು ಸಾಕು. ನವಲಗುಂದ, ಕಲಘಟಗಿ ಬಸ್ಸಿಗೆ ಹೋಗುವವರಿದ್ದರೆ ಹೊತ್ತನ್ನು ಅವರನ್ನು ಕೇಳಿಯೇ ಗೊತ್ತುಮಾಡಿ.

ಮೊದಲ 40 ನಿಮಿಷ ಒಬ್ಬರು ನೋಟ್ಸ್ ಮುಚ್ಚಿಟ್ಟು ಬೋರ್ಡಿನ ಮೇಲೆ ಪಾಠ ಹೇಳಬೇಕು. ಚಾಕ್‌ಪೀಸ್ ತಡವರಿಸಿ ನಿಂತ ಜಾಗವೇ ತಿಳಿಯದ ಜಾಗ. ಅದನ್ನು ಪುಟಸಂಖ್ಯೆ ಸಮೇತ ಚೀಟಿಯಲ್ಲಿ ಬರೆದಿಡಿ. ಗೈಡ್ ಹತ್ತಿರ ಹೋಗುವಾಗ ಆ ಚೀಟಿ ಕೈಯಲ್ಲಿರಲಿ. ‘ಸರ್, ಏನೂ ತಿಳೀವಲ್ದರೀ’ ಅಂದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು? ಇಂಗ್ಲಿಷಿಗೆ ಅಂಜುವವರು ಕನ್ನಡದಲ್ಲೇ ವಿವರಿಸಲಿ, ಪಾರಿಭಾಷಿಕ ಪದ ಆಮೇಲೆ ಕೂಡಿಸಿ.

ತಿಂಗಳಿಗೊಮ್ಮೆ ಪುಸ್ತಕ ಬದಿಗಿಟ್ಟು, 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಯಾವುದಾದರೂ ಉಪನ್ಯಾಸಕ್ಕೆ ಕೂಡಿ ಹೋಗಿ. ಬರುವಾಗ ಗಿರ್ಮಿಟ್, ಮಿರ್ಚಿ.