ಗುಂಗುರು ಕೂದಲಿಗೆ ಎರಡು ಜೆಲ್: ಅಗಸೆ ಕೆಳಗೆ, ಅಗ್ಗದ ಟ್ಯೂಬ್ ಮೇಲೆ

ಒಂದೇ ಬ್ರಾಂಡಿನ ಪೂರ್ತಿ ಸೆಟ್ ತಗೊಳ್ಳದೆ ಗುಂಗುರು ಕೂದಲು ನಿಲ್ಲುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಗಂಡಸರ ಜೆಲ್ ಹಚ್ಚಿದರೆ ಇರುವ ಕೂದಲೂ ಉದುರುತ್ತದೆ ಅಂದವರೂ ಇದ್ದಾರೆ. ಈಗ ಒಂದೂವರೆ ವರ್ಷದ ಮೇಲಾಯಿತು. ನನ್ನ ತಲೆಗೆ ಹೋಗುವುದು ಎರಡೇ. ಕೆಳಗೆ ಮನೆಯಲ್ಲೇ ಕುದಿಸಿದ ಅಗಸೆ ಜೆಲ್, ಮೇಲೆ ಕಿರಾಣಿ ಅಂಗಡಿಯಲ್ಲಿ ಸಿಗುವ 70-80 ರೂಪಾಯಿಯ ಗಂಡಸರ ಹಾರ್ಡ್ ಹೋಲ್ಡ್ (ಗಟ್ಟಿಯಾಗಿ ಹಿಡಿದಿಡುವ) ಜೆಲ್. ಕರ್ಲ್ ಕ್ರೀಮ್ ಇಲ್ಲ, ಲೀವ್-ಇನ್ (ತೊಳೆಯದೆ ಹಾಗೇ ಬಿಡುವ ಕಂಡೀಶನರ್) ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂರನೇ ದಿನದವರೆಗೂ ಸುರುಳಿ ಸುರುಳಿಯಾಗಿಯೇ ಇರುತ್ತದೆ. ಹಾಗೆಲ್ಲ ಹೇಳಿ ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಅಗಸೆ ಜೆಲ್ ಕೇಳಿ ಡಬ್ಬಿಯಲ್ಲಿ ಒಯ್ಯುತ್ತಾರೆ.

ನನ್ನ ಕೂದಲು ಹೇಗಿದೆ ಅಂತ ಗೊತ್ತಿಲ್ಲದೆ ಮುಂದಿನದ್ದು ಓದಿ ಪ್ರಯೋಜನ ಇಲ್ಲ. ಹೆಚ್ಚಿನದು 3ಎ (ದೊಡ್ಡ ಸಡಿಲ ಸುರುಳಿ), ನೆತ್ತಿಯಲ್ಲಿ 3ಬಿ (ಅದಕ್ಕಿಂತ ಬಿಗಿ ಸುರುಳಿ), ಕುತ್ತಿಗೆಯ ಹತ್ತಿರ ಬರೀ ಅಲೆ. ಎಳೆ ಸಪೂರ, ಆದರೆ ದಟ್ಟವಾಗಿದೆ. ಪೊರಾಸಿಟಿ, ಅಂದರೆ ಕೂದಲು ನೀರು ಹೀರುವ ಗುಣ, ಕಡಿಮೆ. ನೀರು ಹಾಕಿದರೆ ಮೊದಲೆರಡು ನಿಮಿಷ ಮೇಲಿಂದಲೇ ಜಾರಿಹೋಗುತ್ತದೆ. ಉದ್ದ ಭುಜದಿಂದ ಸ್ವಲ್ಪ ಕೆಳಗೆ. ನಿಮ್ಮದು ದಪ್ಪ ಎಳೆಯ, ಪೊರಾಸಿಟಿ ಜಾಸ್ತಿ ಇರುವ ಕೂದಲಾದರೆ ಕ್ರೀಮ್ ಬೇಕೇ ಬೇಕು. ಆಗ ನನ್ನ ಲೆಕ್ಕ ನಿಮಗೆ ಅರ್ಧ ಮಾತ್ರ ಹೊಂದೀತು.

ಈಗ ದುಡ್ಡಿನ ವಿಷಯ. ಮೊದಲ ಎರಡು ವರ್ಷದಲ್ಲಿ ಏನಿಲ್ಲವೆಂದರೂ 16-17 ಸಾವಿರ ರೂಪಾಯಿ ಬಚ್ಚಲಿನಲ್ಲಿ ಹರಿದುಹೋಗಿದೆ. ಬಿಲ್ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ಒಂದು ವಿದೇಶಿ ಜೆಲ್‌ಗೆ 2200ರ ಹತ್ತಿರ ಕೊಟ್ಟೆ. ಎಲ್ಲರ ತಲೆಯಲ್ಲೂ ಅದ್ಭುತ, ನನ್ನ ತಲೆಯಲ್ಲಿ ಜಿಡ್ಡು. ಅದನ್ನು ತಂಗಿಗೆ ಕೊಟ್ಟೆ, ಅವಳಿಗೆ ಹೊಂದಿತು, ಹೊಟ್ಟೆ ಉರಿಯಿತು. ಮೂರು ಬಾಟಲಿಯ ದೇಶಿ ಸೆಟ್ ಒಂದು, ಸುಮಾರು 1800. ಅದರ ಲೀವ್-ಇನ್‌ನಲ್ಲಿ ಪ್ರೋಟೀನ್, ಕ್ರೀಮ್‌ನಲ್ಲಿ ಪ್ರೋಟೀನ್, ಜೆಲ್‌ನಲ್ಲೂ ಪ್ರೋಟೀನ್. ನಾಲ್ಕನೇ ವಾರಕ್ಕೆ ಕೂದಲು ಬಾಚಿದರೆ ಮುರಿಯುವಷ್ಟು ಬಿರುಸಾಯಿತು. ಇನ್ನು ಅರ್ಧ ಖಾಲಿಯಾದ ಕರ್ಲ್ ಕ್ರೀಮ್‌ಗಳು ಎಷ್ಟಿದ್ದವು ಅಂದರೆ, ಕಾಲಿನ ಹಿಮ್ಮಡಿಗೆ ಹಚ್ಚಿ ಮುಗಿಸಿದೆ. ಹಿಮ್ಮಡಿ ಮಾತ್ರ ಚೆನ್ನಾಗಿತ್ತು.

ನಡುವೆ ಒಂದು ಪಾರ್ಲರ್‌ಗೆ ಹೋಗಿದ್ದೆ. ಟ್ರಿಮ್ ಕೇಳಿದರೆ ಸ್ಮೂದನಿಂಗ್ ಮಾಡಿಸಿ, 8 ಸಾವಿರ ಆಗುತ್ತದೆ, ಈ ಕೂದಲಿಗೆ ಬೇರೆ ದಾರಿ ಇಲ್ಲ ಅಂದರು. ಒದ್ದೆ ಕೂದಲನ್ನು ಎಳೆದು ನೇರ ಮಾಡಿ ಕತ್ತರಿಸಿ ಕಳಿಸಿದರು. ಒಣಗಿದ ಮೇಲೆ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ. ಆಮೇಲಿಂದ ನಾನೇ ಒಣ ಕೂದಲನ್ನು ಸುರುಳಿ ನೋಡಿ ನೋಡಿ ಕತ್ತರಿಸಿಕೊಳ್ಳುತ್ತೇನೆ.

ಯಾವ ಪ್ರಾಡಕ್ಟ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಯಾವುದರ ಜೊತೆ ಯಾವುದು, ಯಾವ ನೀರಿನಲ್ಲಿ, ಯಾವ ಗಾಳಿಯಲ್ಲಿ ಅಂತ ಯಾರೂ ಕೇಳುವುದಿಲ್ಲ. ನನಗೆ ಅದನ್ನು ಕಲಿಸಿದ್ದು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದ್ದು ನೆನಪಿದೆ ಅಲ್ವಾ? ನಮ್ಮ ಅಪಾರ್ಟ್‌ಮೆಂಟಿಗೂ ಟ್ಯಾಂಕರ್ ನೀರು ಶುರುವಾಯಿತು. ಅಲ್ಲಿವರೆಗೆ ಸುಮಾರಾಗಿ ನಡೆಯುತ್ತಿದ್ದ ಜೋಡಿ ಎರಡೇ ವಾರದಲ್ಲಿ ಕೈಕೊಟ್ಟಿತು. ಕೂದಲಿನ ಮೇಲೆ ಮಂಕು ಪದರ, ಜೆಲ್ ಒಣಗಿದರೂ ಕ್ಯಾಸ್ಟ್ (ಸುರುಳಿ ಹಿಡಿದಿಡುವ ಗರಿಗರಿ ಪದರ) ಇಲ್ಲ, ತುದಿ ಎಲ್ಲ ಗಂಟು. ಮೀಟರ್ ಹಾಕಿ ನೋಡಿದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಎಲ್ಲ ವಸ್ತುಗಳ ಒಟ್ಟು ಅಳತೆ) 900ರ ಆಸುಪಾಸು. ಟಿಡಿಎಸ್ ಅಂದರೆ ಗಡಸುತನ ಅಲ್ಲ ಅಂತ ಗೊತ್ತು, ಅದಕ್ಕೆ ಅಕ್ವೇರಿಯಂ ಅಂಗಡಿಯ ಹನಿ ಟೆಸ್ಟ್ ತಂದೆ. ಗಡಸುತನವೇ 500 ದಾಟಿತ್ತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೀಟರಿಗೆ 200 ಮಿಲಿಗ್ರಾಂ ಸಾಕು ಅನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡುತ್ತದೆ.

ಇಂಥ ನೀರಿಗೆ ಬರೀ ಕ್ಲಾರಿಫೈಯಿಂಗ್ (ಕೂತ ಪದರ ತೊಳೆಯುವ) ಶಾಂಪೂ ಸಾಲದು. ಬಾಟಲಿ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಇಡಿಟಿಎ (ಗಡಸು ನೀರಿನ ಲವಣವನ್ನು ಹಿಡಿದು ಬಿಡಿಸುವ ವಸ್ತು) ಇರಬೇಕು, ಅದೂ ಕೊನೆಯ ಸಾಲಿನಲ್ಲಿ ಶಾಸ್ತ್ರಕ್ಕೆ ಇದ್ದರೆ ಆಗದು, ಸ್ವಲ್ಪ ಮೇಲೆ ಇರಬೇಕು. ಎರಡು ವಾರಕ್ಕೊಮ್ಮೆ ಅಂಥ ಶಾಂಪೂ ಹಚ್ಚಿ ಐದು ನಿಮಿಷ ಬಿಡುತ್ತೇನೆ. ಇನ್ನೊಂದು, ಕೊನೆಯ ಚೊಂಬು ಕುಡಿಯುವ ನೀರು. ಒಂದೂವರೆ ಲೀಟರ್ ಸಾಕು, ತಲೆ ಕೆಳಗೆ ಮಾಡಿ ನಿಧಾನ ಸುರಿಯುವುದು. ಗಂಡ ಇದನ್ನು ನೋಡಿ 'ಇನ್ನು ಮಿನರಲ್ ವಾಟರ್ ಸ್ನಾನ ಒಂದು ಬಾಕಿ' ಅಂದ. ಎಸಿಯಿಂದ ತೊಟ್ಟಿಕ್ಕುವ ನೀರನ್ನೂ ಬಕೆಟ್ ಇಟ್ಟು ಹಿಡಿದು ನೋಡಿದೆ. ನೀರು ಮೆದುವೇನೋ ಹೌದು, ಆದರೆ ಧೂಳಿನ ವಾಸನೆ. ಅದೀಗ ಗಿಡಕ್ಕೆ ಹೋಗುತ್ತದೆ.

ನೀರು ಸರಿಯಾದ ಮೇಲೂ ಒಂದು ಕಾಟ ಉಳಿದಿತ್ತು, ಹೊಟ್ಟಿನಂಥ ಬಿಳಿ ಪುಡಿ. ಕಪ್ಪು ಕುರ್ತಾ ಹಾಕುವ ಹಾಗಿಲ್ಲ. ಎಲ್ಲರೂ ಜೆಲ್ ಜಾಸ್ತಿ ಆಯಿತು ಅಂದರು. ಕಡಿಮೆ ಮಾಡಿದೆ, ಹೋಲ್ಡ್ ಹೋಯಿತು, ಪುಡಿ ಹೋಗಲಿಲ್ಲ. ಆಮೇಲೆ ಅಂಗೈ ಪರೀಕ್ಷೆ ಶುರು ಮಾಡಿದೆ. ಅಂಗೈ ಮೇಲೆ ಕಡಲೆಕಾಳಿನಷ್ಟು ಲೀವ್-ಇನ್, ಪಕ್ಕದಲ್ಲಿ ಅಷ್ಟೇ ಜೆಲ್, ಎರಡು ಹನಿ ನೀರು. ಬೆರಳಲ್ಲಿ ತಿರುಗಿಸುತ್ತಾ ಹತ್ತರವರೆಗೆ ಎಣಿಸುವುದು. ಹೊಂದಿದರೆ ನುಣ್ಣಗೆ ಒಂದಾಗಿ ಹೊಳೆಯುತ್ತದೆ. ಹೊಂದದಿದ್ದರೆ ಹಾಲು ಒಡೆದ ಹಾಗೆ ಬಿಳಿ ಚೂರು ಚೂರಾಗಿ ನೀರು ಬೇರೆಯಾಗುತ್ತದೆ. ಅದೇ ಚೂರು ಒಣಗಿ ಭುಜಕ್ಕೆ ಬೀಳುವುದು. ಮನೆಯಲ್ಲಿದ್ದ ಎಲ್ಲ ಬಾಟಲಿ ಸಾಲಾಗಿ ಇಟ್ಟು ಒಂದು ಭಾನುವಾರ ಪೂರ್ತಿ ಇದನ್ನೇ ಮಾಡಿದೆ. ಒಂದೇ ಕಂಪನಿಯ ಸೆಟ್ಟಿನೊಳಗಿನ ಎರಡು ಬಾಟಲಿ ಕೂಡ ಒಡೆದವು! 'ಸೆಟ್ ತಗೊಳ್ಳಿ' ಅಂದವರಿಗೆಲ್ಲ ಆ ಅಂಗೈ ಫೋಟೋ ಕಳಿಸಿದ್ದೇನೆ.

ಕಾರಣ ಒಂದೇ ಸಾಲಿನದು. ಕಂಡೀಶನರ್, ಲೀವ್-ಇನ್‌ಗಳಲ್ಲಿ ಇರುವ ಬೆಹೆಂಟ್ರಿಮೋನಿಯಂ ಥರದ್ದು ಪ್ಲಸ್ ಚಾರ್ಜಿನದು. ಕಾರ್ಬೋಮರ್ ಹಾಕಿ ಗಟ್ಟಿ ಮಾಡಿದ ಜೆಲ್ ಮೈನಸ್. ಎರಡೂ ಅಂಟಿಕೊಂಡು ಗಂಟಾಗುತ್ತವೆ. ಅಗ್ಗದ ಟ್ಯೂಬ್‌ಗಳಲ್ಲಿ ಹೆಚ್ಚಿನವು ಕಾರ್ಬೋಮರ್ ಮತ್ತು ಪಿವಿಪಿಯವು (ಪಿವಿಪಿ ಅಂದರೆ ಕೂದಲನ್ನು ಹಿಡಿದಿಡುವ ಪಾಲಿಮರ್). ಅಗಸೆ ಲೋಳೆಯೂ ಮೈನಸ್ ಕಡೆಯದೇ. ಹಾಗಾಗಿ ಅವೆರಡೂ ಜಗಳ ಆಡುವುದಿಲ್ಲ. ನಡುವೆ ಬರುವ ಲೀವ್-ಇನ್ ತೆಗೆದುಬಿಟ್ಟೆ, ಕಂಡೀಶನರನ್ನು ಚೆನ್ನಾಗಿ ತೊಳೆಯತೊಡಗಿದೆ. ಬಿಳಿ ಪುಡಿ ನಿಂತಿತು. ಟ್ಯೂಬ್ ಕೊಳ್ಳುವಾಗ ಒಂದೇ ಎಚ್ಚರಿಕೆ: ಪಟ್ಟಿಯ ಮೊದಲ ನಾಲ್ಕೈದು ಹೆಸರಲ್ಲಿ ಆಲ್ಕೋಹಾಲ್ ಡಿನ್ಯಾಚರ್ಡ್ ಇದ್ದರೆ ವಾಪಸ್ ಇಡಿ. ಬ್ರಾಂಡ್ ಕೇಳಬೇಡಿ. ಹೇಳಿದರೆ ನಮ್ಮ ಅಂಗಡಿಯಲ್ಲಿ ಸ್ಟಾಕ್ ಖಾಲಿಯಾಗುತ್ತದೆ.

ಅಗಸೆ ಕುದಿಸುವುದು ಎಲ್ಲರಿಗೂ ಗೊತ್ತು, ಸೋಸುವುದರಲ್ಲಿ ಎಲ್ಲರೂ ಸೋಲುತ್ತಾರೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು, ಅದೂ ಕುಡಿಯುವ ನೀರು. ಮಧ್ಯಮ ಉರಿ, ಕೈಬಿಡದೆ ತಿರುಗಿಸುವುದು. ಏಳೆಂಟು ನಿಮಿಷಕ್ಕೆ ಮೇಲೆ ಬಿಳಿ ನೊರೆ ಕಟ್ಟುತ್ತದೆ. ಸೌಟು ಎತ್ತಿದಾಗ ಹನಿ ಹನಿಯಾಗಿ ಬೀಳುತ್ತಿದ್ದದ್ದು ಒಂದು ಎಳೆಯಾಗಿ ಇಳಿಯತೊಡಗಿದ ತಕ್ಷಣ ಒಲೆ ಆರಿಸಬೇಕು. ಇನ್ನೂ ತೆಳ್ಳಗಿದೆಯಲ್ಲ, ಇನ್ನೊಂದು ನಿಮಿಷ ಇರಲಿ ಅಂದರೆ ಮುಗಿಯಿತು. ಆರಿದ ಮೇಲೆ ಬೀಜವೂ ಲೋಳೆಯೂ ಒಂದೇ ಮುದ್ದೆ, ದೇವರೇ ಬಂದರೂ ಸೋಸಲಾಗದು. ಬಿಸಿ ಇರುವಾಗಲೇ ಹಳೆಯ ನೈಲಾನ್ ಕಾಲುಚೀಲಕ್ಕೆ ಸುರಿದು ಇಕ್ಕಳದಲ್ಲಿ ಒತ್ತುತ್ತೇನೆ. ಪಂಚೆ ಬಟ್ಟೆಯಲ್ಲಿ ಇಳಿಯುವುದೇ ಇಲ್ಲ, ಚಹಾ ಜರಡಿಯಲ್ಲಿ ಅರ್ಧ ಗಂಟೆ. ಬೆಚ್ಚಗಾದಾಗ ಒಂದು ವಸ್ತು ಚಿಟಿಕೆ ಹಾಕುತ್ತೇನೆ. ಅದೇನು ಅಂತ ತಂಗಿಗೂ ಹೇಳಿಲ್ಲ.

ಫ್ರಿಜ್‌ನಲ್ಲಿ ಒಂದು ವಾರ, ಆಮೇಲೆ ಹುಳಿ ವಾಸನೆ. ಅದಕ್ಕೆ ಐಸ್ ಟ್ರೇಗೆ ಹುಯ್ದು ಫ್ರೀಜರ್‌ಗೆ. ಒಂದು ಸಲದ ತಲೆಗೆ ಎರಡು ಅಥವಾ ಮೂರು ಕ್ಯೂಬ್, ಹಿಂದಿನ ರಾತ್ರಿ ತೆಗೆದಿಟ್ಟರೆ ಆಯಿತು. ಈಗ ತಿಂಗಳಿಗೆ ಶಾಂಪೂ, ಕಂಡೀಶನರ್, ಅಗಸೆ, ಟ್ಯೂಬ್ ಎಲ್ಲ ಸೇರಿ 300 ದಾಟುವುದಿಲ್ಲ.

ಹಚ್ಚುವಾಗ ಕೂದಲಿನಿಂದ ನೀರು ಸುರಿಯುತ್ತಿರಬೇಕು. ಅಗಸೆ ಜೆಲ್ ಧಾರಾಳವಾಗಿ, ಪಚಪಚ ಸದ್ದು ಬರುವವರೆಗೆ ಒತ್ತುವುದು. ಸ್ವಲ್ಪ ಹೊತ್ತು ಬಿಟ್ಟು ಟ್ಯೂಬ್ ಜೆಲ್, ಹತ್ತು ರೂಪಾಯಿ ನಾಣ್ಯದಷ್ಟು, ಎರಡು ಸಲ, ಮೇಲ್ಮೈಗೆ ಮಾತ್ರ. ಎಷ್ಟು ಹೊತ್ತು ಬಿಡುತ್ತೇನೆ, ಆ ಹೊತ್ತಿನಲ್ಲಿ ಏನು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಆಮೇಲೆ ಬೈರಾಸಿನಲ್ಲಿ (ತೆಳು ಹತ್ತಿ ಟವೆಲ್) ಪ್ಲಾಪ್, ಅಂದರೆ ಸುರುಳಿಗಳನ್ನು ಒಟ್ಟು ಮಾಡಿ ತಲೆಗೆ ಸುತ್ತುವುದು. ಮೈಕ್ರೋಫೈಬರ್ ಟವೆಲ್‌ಗೆ 500 ಕೊಟ್ಟಿದ್ದೆ, ಅಮ್ಮನ ಮನೆಯ ಸವೆದ ಬೈರಾಸಿನ ಮುಂದೆ ಅದು ಏನೂ ಅಲ್ಲ. ಅಗ್ಗದ ಡಿಫ್ಯೂಸರ್ (ಗಾಳಿ ಹರಡುವ ಮೂತಿ) ಡ್ರೈಯರ್‌ನಿಂದ ಕಳಚಿ ತಲೆ ಮೇಲೆ ಬಿದ್ದ ಮೇಲೆ ಫ್ಯಾನೇ ಸಾಕು ಅನಿಸಿದೆ. ಮೂರು ಗಂಟೆ ಬೇಕು. ಪೂರ್ತಿ ಒಣಗಿ ಗರಿಗರಿ ಆಗುವವರೆಗೆ ಕೈ ಹಾಕಬೇಡಿ, ಆಮೇಲೆ ಹಿಸುಕಿ ಕ್ಯಾಸ್ಟ್ ಒಡೆಯುವುದು.

ನಡುವೆ ಅಡ್ಡದಾರಿಗಳನ್ನೂ ಹಿಡಿದಿದ್ದೆ. ಬೆಂಡೆಕಾಯಿ ಜೆಲ್ ಚೆನ್ನಾಗಿ ಜಾರುತ್ತದೆ, ಮೂರು ದಿನಕ್ಕೆ ಕೆಡುತ್ತದೆ. ಆಫೀಸಿನಲ್ಲಿ ಪಕ್ಕದವಳು ಡಬ್ಬಿಯಲ್ಲಿ ಪಲ್ಯ ತಂದಿದ್ದೀಯಾ ಅಂತ ಕೇಳಿದಳು. ದಾಸವಾಳ ಎಲೆ ಲೋಳೆ ಸಿಕ್ಕು ಬಿಡಿಸಲು ಬಂಗಾರ, ಹೋಲ್ಡ್ ಸೊನ್ನೆ. ಅದನ್ನು ಈಗಲೂ ಕಂಡೀಶನರ್‌ಗೆ ಬೆರೆಸುತ್ತೇನೆ. ಗಂಜಿ ತಿಳಿ ಹಚ್ಚಿದಾಗ ಒಂದು ಗಂಟೆ ಸೊಗಸಾಗಿತ್ತು, ಒಣಗಿ ಉದುರತೊಡಗಿದ ಮೇಲೆ ಹೇಳುವಂತಿಲ್ಲ. ಲೋಳೆಸರ ಕಿತ್ತ ತಕ್ಷಣ ಹಚ್ಚಿ ಕುತ್ತಿಗೆ ತುಂಬಾ ತುರಿಕೆ. ಕತ್ತರಿಸಿ ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಬೇಕಿತ್ತು.

ಊರು ಬದಲಾದರೆ ಜೋಡಿಯ ಅಳತೆಯೂ ಬದಲಾಗುತ್ತದೆ. ತವರು ಮಂಗಳೂರು. ಜೂನ್‌ನಲ್ಲಿ ಅಲ್ಲಿ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗುವ ಉಷ್ಣತೆ; ಜಾಸ್ತಿ ಇದ್ದಷ್ಟೂ ತೇವ ಜಾಸ್ತಿ) 24 ಡಿಗ್ರಿಯ ಆಸುಪಾಸು ಇರುತ್ತದೆ, ಹವಾಮಾನ ಆ್ಯಪ್‌ನಲ್ಲಿ ನೋಡಿ. ಗ್ಲಿಸರಿನ್ ಇರುವ ಯಾವುದನ್ನು ಹಚ್ಚಿದರೂ ಗಾಳಿಯ ನೀರನ್ನೆಲ್ಲ ಎಳೆದುಕೊಂಡು ಪೇಟೆಯ ಹಂಪನಕಟ್ಟೆ ತಲುಪುವಷ್ಟರಲ್ಲಿ ತಲೆ ಎರಡಷ್ಟಾಗಿರುತ್ತದೆ. ಅಲ್ಲಿ ಅಗಸೆ ಅರ್ಧ, ಟ್ಯೂಬ್ ಡಬಲ್. ಅತ್ತೆ ಮನೆ ಕಲಬುರಗಿ. ಏಪ್ರಿಲ್‌ನಲ್ಲಿ 40 ದಾಟಿದ ಒಣ ಬಿಸಿಲು. ಬೆಂಗಳೂರಿನ ಅಳತೆಯಲ್ಲೇ ಹಚ್ಚಿದರೆ ಕೂದಲು ಕಡ್ಡಿ. ಅಲ್ಲಿ ಮಾತ್ರ ತುದಿಗೆ ಬಟಾಣಿಯಷ್ಟು ಲೀವ್-ಇನ್, ಅದೂ ಅಂಗೈ ಪರೀಕ್ಷೆ ಪಾಸಾದದ್ದು, ಅಗಸೆ ಜಾಸ್ತಿ, ಟ್ಯೂಬ್ ಹೆಸರಿಗೆ. ಮೊದಲ ಸಲ ಅವರ ಒಲೆ ಮೇಲೆ ಅಗಸೆ ಕುದಿಸಿದಾಗ ಅತ್ತೆ, 'ಹಿಂಡಿ ಮಾಡೂ ಅಗಸಿ ತಲಿಗ್ಯಾಕ ಹಚ್ಕೊಂತಿ?' ಅಂದರು. ಅಲ್ಲಿ ಹಿಂಡಿ ಅಂದರೆ ಚಟ್ನಿಪುಡಿ. ಮದುವೆ ಮನೆಯಲ್ಲಿ ನಾಲ್ಕು ಜನ ಕೂದಲು ಮುಟ್ಟಿ ನೋಡಿದ ಮೇಲೆ ಅವರೇ ಒಂದು ಕಿಲೋ ಕಟ್ಟಿ ಕಳಿಸಿದರು. ಸೋಸಿ ಉಳಿದ ಬೀಜವನ್ನು ಚಪಾತಿ ಹಿಟ್ಟಿಗೆ ಕಲಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ಒದ್ದೆ ಕೈಯಲ್ಲಿ ಮೇಲಿನ ಪದರವನ್ನಷ್ಟೇ ಹಿಸುಕಿದರೆ ಸಾಕು, ಹಳೆಯ ಜೆಲ್ಲೇ ಮತ್ತೆ ಎಚ್ಚರಾಗುತ್ತದೆ. ಹೊಸದು ಹಚ್ಚಬೇಡಿ. ನನಗೆ ಇನ್ನೂ ದಾರಿ ಸಿಗದಿರುವುದು ಹೆಲ್ಮೆಟ್‌ಗೆ. ಸ್ಕೂಟರ್‌ನಲ್ಲಿ ಮುಕ್ಕಾಲು ಗಂಟೆ ಹೋದರೆ ನೆತ್ತಿ ಚಪ್ಪಟೆ, ಕುತ್ತಿಗೆ ಹತ್ತಿರ ಬೆವರಿಗೆ ಜೆಲ್ ಕರಗಿ ಅಂಟು. ಒಳಗೆ ಸ್ಯಾಟಿನ್ ಬಟ್ಟೆ ಹಾಕಿ ನೋಡಿದೆ, ಹೆಲ್ಮೆಟ್ಟೇ ಜಾರುತ್ತದೆ, ಆ ಸಾಹಸ ಬೇಡ. ಹತ್ತಿಯ ತೆಳು ಟೋಪಿ ಹಾಕಿದರೆ ಬೆವರೇನೋ ನಿಲ್ಲುತ್ತದೆ, ಸುರುಳಿಯೂ ಅದರೊಂದಿಗೇ ಹೋಗುತ್ತದೆ. ಸದ್ಯಕ್ಕೆ ಮೇಲೆ ಸಡಿಲ ಕ್ಲಿಪ್ ಬಿಟ್ಟು ಕುತ್ತಿಗೆಯ ಹತ್ತಿರ ಎರಡು ಜಡೆ ಹಾಕಿಕೊಂಡು ಹೋಗುತ್ತಿದ್ದೇನೆ. ದಿನಾ ಹೆಲ್ಮೆಟ್ ಹಾಕುವ ಗುಂಗುರು ಕೂದಲಿನವರು ಏನು ಮಾಡುತ್ತೀರಿ, ಬರೆಯಿರಿ.