ವಂಶವೃಕ್ಷದಲ್ಲಿ ಮದುವೆಯ ಲೆಕ್ಕ ಬರೆಯುವ ಬಗೆ

ನಮ್ಮ ಮಂಡ್ಯ ಸೀಮೆಯ ಒಕ್ಕಲು ಮನೆಗಳಲ್ಲಿ ವಂಶವೃಕ್ಷವೆಂದರೆ ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿಗೆ ಕೊಡುವ ಕಾಗದ. ಅಜ್ಜಿ ಒಂಬತ್ತು ಹೆತ್ತಳು, ಮೊಮ್ಮಗಳು ಒಂದಕ್ಕೇ ನಿಲ್ಲಿಸಿದಳು ಏಕೆ ಎಂಬುದು ಆ ಕಾಗದಕ್ಕೆ ಬೇಡ. ಆ ಕಾರಣ ನಿಮಗೆ ಬೇಕಿದ್ದರೆ, ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವಾಗ ಮಕ್ಕಳಿಂದ ಬರೆಸುತ್ತಿದ್ದ ಹಾಗೆ ಬರೆಯಿರಿ.

ಒಬ್ಬೊಬ್ಬರಿಗೆ ಒಂದು ಸಾಲಲ್ಲ, ಒಂದೊಂದು ಮದುವೆಗೆ ಒಂದು ಸಾಲು. ಹೆಣ್ಣು ಯಾವ ಊರಿನವಳು, ಅಕ್ಕನ ಮಗಳೋ ಸೋದರತ್ತೆಯ ಮಗಳೋ ಹೊಸ ನೆಂಟಸ್ತನವೋ, ಇಬ್ಬರ ಓದು, ಆಗ ಮನೆಗಿದ್ದ ಜಮೀನು: ಇಷ್ಟನ್ನು ಮೊದಲು ತುಂಬಿಸಿ.

ಹಿರಿಯರನ್ನು ಇಸವಿ ಕೇಳಬೇಡಿ. ನಾಲೆಗೆ ನೀರು ಬಿಡುವ ಮೊದಲೋ ಆಮೇಲೋ, ಸಕ್ಕರೆ ಕಾರ್ಖಾನೆ (ಅದು 1933) ಬಂದಿತ್ತೋ ಇಲ್ಲವೋ, ಗಾಂಧಿ ಸತ್ತಾಗ ಕಂಕುಳಲ್ಲಿ ಮಗುವಿತ್ತೋ ಎಂದು ಕೇಳಿ. ಶಾಲೆಯ ದಾಖಲೆಯ ಜನ್ಮದಿನವನ್ನಂತೂ ನಂಬಲೇಬೇಡಿ. ಊರಿನ ಅರ್ಧ ಜನ ಜೂನ್ ಒಂದರಂದೇ ಹುಟ್ಟಿರುತ್ತಾರೆ!

ಮುಂದಿನ ಅಂಕಣ ಹಣದ್ದು. ಎಷ್ಟು ಎನ್ನುವುದಕ್ಕಿಂತ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎನ್ನುವುದು ಮುಖ್ಯ, ಅದನ್ನು ಬಾಣ ಹಾಕಿ ತೋರಿಸಿ. ಮೇಲಿನ ಸಾಲುಗಳಲ್ಲಿ ಗಂಡಿನವರು ಹೆಣ್ಣಿನವರಿಗೆ ತೆರ (ವಧುದಕ್ಷಿಣೆ) ಕೊಟ್ಟಿರುತ್ತಾರೆ. ದುಡಿಯುವ ಎರಡು ಕೈಗಳನ್ನು ತವರಿನಿಂದ ಕರೆತರುತ್ತಿದ್ದರಲ್ಲ. ಕಬ್ಬಿನ ದುಡ್ಡು, ಅದರ ಹಿಂದೆಯೇ ಸಂಬಳದ ಗಂಡು ಬಂದ ಮೇಲೆ ಬಾಣ ತಿರುಗುತ್ತದೆ, ವರೋಪಚಾರದ ಹೆಸರಿನಲ್ಲಿ ವರದಕ್ಷಿಣೆ ಶುರುವಾಗುತ್ತದೆ. 1950ರ ದಶಕದಲ್ಲಿ ಇಲ್ಲಿನ ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1970ರಲ್ಲಿ ಮರಳಿ ಬಂದಾಗ ಈ ತಿರುವನ್ನೇ ಕಂಡರು. ನಿಮ್ಮ ಮನೆಯಲ್ಲಿ ಅದು ಯಾರ ಮದುವೆಯಲ್ಲಿ ಆಯಿತೋ ಆ ಸಾಲಿಗೆ ಕೆಂಪು ಗೆರೆ ಎಳೆಯಿರಿ.

ಮಕ್ಕಳ ಲೆಕ್ಕವನ್ನು ಹೆಂಗಸರ ಬಳಿ, ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಕೇಳಿ. ಎಷ್ಟು ಮಕ್ಕಳು ಎಂದರೆ ಬದುಕಿರುವವರನ್ನಷ್ಟೇ ಎಣಿಸುತ್ತಾರೆ. ಹೆತ್ತದ್ದೆಷ್ಟು, ಉಳಿದದ್ದೆಷ್ಟು, ಎಷ್ಟನೆಯದರ ಮೇಲೆ ಆಪರೇಷನ್ ಆಯಿತು ಎಂದು ಬಿಡಿಸಿ ಕೇಳಬೇಕು. ಸತ್ತ ಕೂಸುಗಳ ಮಾತು ಬಂದಾಗ ಪೆನ್ನು ಕೆಳಗಿಡಿ, ಆಮೇಲೆ ಬರೆದುಕೊಳ್ಳಬಹುದು.

ಆಮೇಲೆ ಪ್ರತಿ ತಲೆಮಾರಿಗೂ ಒಂದೇ ಪ್ರಶ್ನೆ: ಎಂಟು ವರ್ಷದಲ್ಲಿ ನೀವು ಏನು ಮಾಡುತ್ತಿದ್ದಿರಿ? ಮೊದಲನೆಯವರು ದನ ಕಾಯುತ್ತಿದ್ದರು, ಎರಡನೆಯವರು ಶಾಲೆ ಬಿಟ್ಟ ಮೇಲೆ ಕಾಯುತ್ತಿದ್ದರು, ಮೂರನೆಯವರು ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದರು. ದುಡಿದು ಹಾಕುವ ಮಗು ಫೀಸು ಕೇಳುವ ಮಗುವಾದ ಕಡೆಯಲ್ಲೇ ಹೆರಿಗೆಯ ಸಂಖ್ಯೆ ಕುಸಿದಿರುವುದು ಕಾಣುತ್ತದೆ. ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನಕ್ಕಿಂತ ಫೀಸಿನ ರಸೀದಿ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ನಿಮ್ಮ ಕೊನೆಯ ಸಾಲುಗಳ ಸರಾಸರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಜಮೀನಿನ ಅಂಕಣಕ್ಕೆ ಪಹಣಿ, ಪಾಲುಪಟ್ಟಿ ಸಾಕು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ರಾಜ್ಯ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿಗಳ ಬಳಿಕ ಹೆಣ್ಣುಮಕ್ಕಳು ಪಾಲು ಪಡೆದರೋ, ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದರೋ ಗುರುತಿಸಿ. ಅಣ್ಣತಮ್ಮಂದಿರು ಮುಖ ತಿರುಗಿಸಿದರೆ ತಲೆಕೆಡಿಸಿಕೊಳ್ಳಬೇಡಿ.

ಮದುವೆಯೇ ಆಗದವರಿಗೂ ಸಾಲು ಬಿಡಿ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ರೈತ ಯುವಕರು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿರಬಹುದು. ಅಂಥವರ ಸಾಲಿನಲ್ಲಿ ಎಕರೆ, ವಯಸ್ಸು, ತಪ್ಪಿಹೋದ ಸಂಬಂಧಗಳಲ್ಲಿ ಹೆಣ್ಣಿನವರು ಹೇಳಿದ ಕಾರಣ, ಮೂರನ್ನೂ ಬರೆಯಿರಿ.